ಕಲ್ಲಿನ ಲಾರಿಯ ಎಡಗನ್ನಡಿ

ನಾನು ಮೋಟಾರು ವಾಹನ ನಿರೀಕ್ಷಕಿಯಾಗಿ ಜಹೀರಾಬಾದಿಗೆ ಬಂದ ಎರಡನೆಯ ವರ್ಷ ನಡೆದದ್ದಿದು. ಅದಕ್ಕೂ ಮೊದಲು ಕೆಲವು ವರ್ಷ ತಾಂಡೂರಿನಲ್ಲಿದ್ದೆ. ಈಗ ನಾರಾಯಣಖೇಡದಲ್ಲಿದ್ದೇನೆ, ನಿವೃತ್ತಿ ಬಾಗಿಲಲ್ಲೇ ನಿಂತಿದೆ. ಹುಟ್ಟಿದ್ದು ಕೊಹೀರಿನಲ್ಲಿ. ಕಚೇರಿಯಲ್ಲಿ ತೆಲುಗು, ರಸ್ತೆಯಲ್ಲಿ ದಖನಿ ಉರ್ದು, ಊಟಕ್ಕೆ ಕುಳಿತರೆ ಕನ್ನಡ; ನಮ್ಮ ಕಡೆಯವರೆಲ್ಲ ಹೀಗೇ ಬದುಕುವುದು. ಇಲಾಖೆಯಲ್ಲಿ ನನಗೆ 'ಬಾಯಿಜೋರಿನ ಮೇಡಂ' ಎಂಬ ಹೆಸರಿದೆ. ಆ ಹೆಸರು ಸುಳ್ಳಲ್ಲ. ಈ ಪ್ರಕರಣದಲ್ಲಿ ನನ್ನ ಬಾಯಿ ಮಾಡಿದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜನರಿಗೆ ನಮ್ಮ ಕೆಲಸವೆಂದರೆ ಲೈಸೆನ್ಸ್ ಕೊಡುವುದು ಮಾತ್ರ. ಅದಲ್ಲದೆ ಲಾರಿ, ಬಸ್ಸುಗಳು ರಸ್ತೆಗೆ ಇಳಿಯಲು ಯೋಗ್ಯವೋ ಇಲ್ಲವೋ ನೋಡಿ ಫಿಟ್‌ನೆಸ್ ಪ್ರಮಾಣಪತ್ರ ಕೊಡುತ್ತೇವೆ. ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ. ಸಾವಾದ ಅಪಘಾತದ ವಾಹನಗಳನ್ನು ಪೊಲೀಸರು ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸುತ್ತಾರೆ. ನಾವು ಹೋಗಿ ಬ್ರೇಕ್ ಒತ್ತಿ, ಸ್ಟೀರಿಂಗ್ ತಿರುಗಿಸಿ, ಟೈರು ತಟ್ಟಿ, ಎಲ್ಲಿ ಗೀರು, ಎಲ್ಲಿ ತಗ್ಗು ಎಂದು ಗುರುತು ಹಾಕಿ, ಕೊನೆಗೆ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಈ ಅಪಘಾತ ವಾಹನದ ಯಾಂತ್ರಿಕ ದೋಷದಿಂದ ಆಯಿತೇ? ಬಹುಪಾಲು ಸಲ 'ಇಲ್ಲ' ಎಂದೇ ಬರೆಯುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹಾಗಾದರೆ ಯಾವ ದೋಷದಿಂದ ಆಯಿತು ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ.

ತೊಗರಿ ರಾಶಿ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ಹಿಂದಿನ ಸಂಜೆ ಊರ ಹೊರಗೆ, ಹೆದ್ದಾರಿಗೆ ಸೇರುವ ಎಡತಿರುವಿನಲ್ಲಿ, ನೆಲಕ್ಕೆ ಹಾಸುವ ತಾಂಡೂರು ಕಲ್ಲು ತುಂಬಿದ ಲಾರಿಯ ಹಿಂಗಾಲಿಗೆ ಸಿಕ್ಕಿ ಒಬ್ಬ ಬೈಕ್ ಸವಾರ ಸತ್ತಿದ್ದ. ಹೆಸರು ಬೀರಪ್ಪ, ಸಿರ್ಗಾಪುರದವನು. ಕುರಿ ಸಾಕುವ ಮನೆತನ. ಕೊಹೀರಿನ ತಂಗಿಯ ಮನೆಗೆ ಹೋಗಿ, ಕುರಿಗಳಿಗೆ ಔಷಧ ಕೊಂಡು ಊರಿಗೆ ಹಿಂತಿರುಗುತ್ತಿದ್ದ. ಮದುವೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ನಾನು ಠಾಣೆಗೆ ಹೋಗುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ಅಂಗಳದಲ್ಲಿ ನಿಂತವರೆಲ್ಲ ಒಂದೇ ಮಾತು: ಎಡಗಡೆಯಿಂದ ನುಗ್ಗಿದ್ದಾನೆ, ವಯಸ್ಸಿನ ಹುಡುಗ, ಗಾಡಿ ಹುಚ್ಚು, ಲಾರಿಯವನು ಏನು ಮಾಡಿಯಾನು? ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲವಲ್ಲ, ಅವನ ಮೇಲೆ ಹಾಕುವುದು ಸುಲಭ. ನನಗೂ ಮೊದಲು ಹಾಗೇ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು.

ಆದರೆ ಕಬ್ಬಿಣ ಬೇರೆ ಮಾತು ಹೇಳುತ್ತಿತ್ತು. ವೇಗವಾಗಿ ಬಂದು ಹೊಡೆದಿದ್ದರೆ ಬೈಕಿನ ಮುಂಗಾಲಿಯ ಫೋರ್ಕ್ ಹಿಂದಕ್ಕೆ ಮಡಚಿರಬೇಕಿತ್ತು. ಅದು ನೆಟ್ಟಗಿತ್ತು. ಬೈಕಿನ ಬಲಗಡೆಯ ಹ್ಯಾಂಡಲ್ ತುದಿ ಸವೆದಿತ್ತು. ಅದೇ ಎತ್ತರದಲ್ಲಿ ಲಾರಿಯ ಎಡಮೈಯಲ್ಲಿ ಒಂದು ಗೀರು. ಅದು ನಡುಭಾಗದಲ್ಲಿ ಶುರುವಾಗಿ, ಹಿಂದಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿದು, ಹಿಂಗಾಲಿಯ ಹತ್ತಿರ ನಿಂತಿತ್ತು. ಬೈಕಿನ ಗೇರು ಎರಡರಲ್ಲಿತ್ತು. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿದೇ ಇತ್ತಂತೆ. ಅಂದರೆ ಹುಡುಗ ನುಗ್ಗಿ ಬಂದವನಲ್ಲ. ಲಾರಿಯ ಮಗ್ಗುಲಲ್ಲೇ ನಿಧಾನವಾಗಿ ಹೋಗುತ್ತಿದ್ದ. ಲಾರಿ ಅವನ ಮೇಲೆ ತಿರುಗಿದೆ.

ಲಾರಿಯ ಬ್ರೇಕು, ಸ್ಟೀರಿಂಗು ಎಲ್ಲ ಸರಿಯಾಗಿದ್ದವು. ಚಾಲಕನ ಸೀಟಿನಲ್ಲಿ ಕುಳಿತು ಎಡಗಡೆಯ ಕನ್ನಡಿ ನೋಡಿದೆ. ಲೋಡು ಇನ್ನೂ ಇಳಿಸಿರಲಿಲ್ಲ. ಕನ್ನಡಿಯ ತುಂಬ ಕಲ್ಲು, ಕಲ್ಲಿನ ನಡುವೆ ತುರುಕಿದ ಹುಲ್ಲು. ರಸ್ತೆ ಒಂದು ಬೆರಳಿನಷ್ಟೂ ಕಾಣುತ್ತಿರಲಿಲ್ಲ. ಕಾನ್‌ಸ್ಟೆಬಲ್ ಜಾವೀದನಿಗೆ ಅವನ ಬೈಕು ತಂದು ಎಡಬಾಗಿಲ ಹಿಂದೆ ನಿಲ್ಲಿಸಲು ಹೇಳಿದೆ.

"ನಿಂತೀಯೇನೋ?" ಎಂದು ಕೂಗಿದೆ.

"ನಿಂತೀನ್ರಿ ಮೇಡಂ, ಕೈ ಬೀಸ್ಲಾಕ ಹತ್ತೀನಿ!"

ಅವನು ಬೀಸುತ್ತಿದ್ದ ಕೈ ನನಗೆ ಕಾಣಲಿಲ್ಲ. ಆ ಕನ್ನಡಿ ಹಾಗೇಕೆ ತಿರುಗಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ತಾಂಡೂರಿನ ಕಲ್ಲನ್ನು ಲಾರಿಯಲ್ಲಿ ಮಲಗಿಸಿ ಒಯ್ಯುವುದಿಲ್ಲ. ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹುಲ್ಲು ತುರುಕಿ, ಒಂದಕ್ಕೊಂದು ಒರಗಿಸಿ ಜೋಡಿಸುತ್ತಾರೆ. ಲಾರಿ ಗಕ್ಕನೆ ತಿರುಗಿದರೆ ಸಾಲು ಸಾಲೇ ವಾಲಿ ಅಂಚು ಒಡೆಯುತ್ತದೆ. ಒಡೆದ ಕಲ್ಲಿಗೆ ಚಾಲಕ ಮಾಲೀಕನ ಬೈಗುಳ ತಿನ್ನಬೇಕು. ಆದ್ದರಿಂದ ಕಲ್ಲಿನ ಲಾರಿಯವರು ಎರಡು ಅಭ್ಯಾಸ ಮಾಡಿಕೊಂಡಿದ್ದಾರೆ. ಒಂದು, ಎಡಗನ್ನಡಿಯನ್ನು ರಸ್ತೆಗೆ ಹಿಡಿಯದೆ ಕಲ್ಲಿಗೆ ಹಿಡಿಯುವುದು. ಇನ್ನೊಂದು, ಎಡಕ್ಕೆ ತಿರುಗಬೇಕಾದರೆ ಮೊದಲು ಲಾರಿಯನ್ನು ಬಲಕ್ಕೆ ಎಳೆದು, ಆಮೇಲೆ ದೊಡ್ಡ ಸುತ್ತು ಹಾಕಿ ಮೆಲ್ಲಗೆ ಎಡಕ್ಕೆ ಹೊರಳುವುದು. ಹಿಂದಿರುವ ಬೈಕಿನವನಿಗೆ ಏನು ಕಾಣುತ್ತದೆ? ಲಾರಿ ಬಲಕ್ಕೆ ಸರಿಯಿತು, ಎಡಗಡೆ ಅಗಲವಾದ ದಾರಿ ತೆರೆಯಿತು. ಅವನು ನೆಟ್ಟಗೆ ಹೋಗಬೇಕಾದವನು, ಆ ಜಾಗಕ್ಕೆ ಬರುತ್ತಾನೆ. ಅಷ್ಟರಲ್ಲಿ ಆ ಜಾಗವೇ ಮುಚ್ಚಿಕೊಳ್ಳುತ್ತದೆ. ಉದ್ದ ಗಾಡಿ ತಿರುಗುವಾಗ ಹಿಂಗಾಲಿ ಮುಂಗಾಲಿಯ ದಾರಿಯಲ್ಲಿ ಬರುವುದಿಲ್ಲ, ಒಳಗೊಳಗೇ ಕೊಯ್ದುಕೊಂಡು ಬರುತ್ತದೆ.

ತಾಂಡೂರಿನಲ್ಲಿದ್ದಾಗ ಇಂಥ ಲಾರಿಗಳಿಗೆ ನಾನೇ ಫಿಟ್‌ನೆಸ್ ಕೊಟ್ಟಿದ್ದೆ. ಕನ್ನಡಿ ಇದೆಯೇ, ಒಡೆದಿಲ್ಲವೇ ಎಂದು ನೋಡುತ್ತಿದ್ದೆ. ಎತ್ತ ಮುಖ ಮಾಡಿದೆ ಎಂದು ನೋಡಿರಲಿಲ್ಲ. ನೋಡಿದ್ದರೂ 'ಜಾಣರಪ್ಪಾ ಇವರು' ಎಂದುಕೊಂಡಿರುತ್ತಿದ್ದೆನೋ ಏನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಚಾಲಕನನ್ನು ನೋಡಿದಾಗ ಇನ್ನೊಂದು ಪೆಟ್ಟು. ದೌಲತಾಬಾದಿನ ಬಸಣ್ಣ. ತಾಂಡೂರಿನಲ್ಲಿ ನನಗೆ ಗುರುತಿದ್ದವನು. ತಲೆ ಅರ್ಧ ನರೆತಿತ್ತು. ಲಾರಿ ಓಡಿಸುತ್ತಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದ. ಕುಡಿತವಿಲ್ಲ, ಬೀಡಿ ಇಲ್ಲ. ಜನ ಸೇರಿದರೂ ಓಡಿಹೋಗದೆ, ತಾನೇ ಠಾಣೆಗೆ ನಡೆದು ಬಂದಿದ್ದ. ಬೆಂಚಿನ ತುದಿಯಲ್ಲಿ ಕುಳಿತಿದ್ದವನು ನನ್ನನ್ನು ಕಂಡು ಎದ್ದ. ಮುಖ ಮಾತ್ರ ಎತ್ತಲಿಲ್ಲ.

"ಏನಾತೋ ಬಸಣ್ಣ?"

"ಎಲ್ಲಿಂದ ಬಂದ್ನೋ ಗೊತ್ತೇ ಆಗ್ಲಿಲ್ರಿ ಮೇಡಮ್ಮಾರ. ನಾ ನೋಡೇ ಇಲ್ರಿ."

ವರದಿಯಲ್ಲಿ ಗೀರುಗಳ ಎತ್ತರ ಬರೆದೆ, ಕನ್ನಡಿಯ ದಿಕ್ಕನ್ನೂ ಬರೆದೆ, ಯಾಂತ್ರಿಕ ದೋಷವಿಲ್ಲ ಎಂದು ಸಹಿ ಹಾಕಿದೆ. ಬಸಣ್ಣನಿಗೆ ಜಾಮೀನು ಸಿಕ್ಕಿತು. ಅಜಾಗರೂಕ ಚಾಲನೆಯಿಂದ ಸಾವು ಎಂಬ ಮೊಕದ್ದಮೆ ದಾಖಲಾಯಿತು. ಇಂಥ ಮೊಕದ್ದಮೆಗಳಲ್ಲಿ ಸಾಕ್ಷಿ ಗಟ್ಟಿ ಇಲ್ಲದಿದ್ದರೆ ಚಾಲಕ ಹೊರಗೆ ಬರುವುದೇ ಹೆಚ್ಚು. ಎಡಗಡೆಯಿಂದ ನುಗ್ಗಿದ, ನನಗೆ ಕಾಣಲಿಲ್ಲ ಎಂದರೆ ಸಾಕಿತ್ತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಿದ್ದಮ್ಮ ನನ್ನ ಕಚೇರಿಗೆ ಬಂದಳು. ಬೀರಪ್ಪನ ಹೆಂಡತಿ. ಜೊತೆಗೆ ಅವಳ ಮೈದುನ. ಲೈಸೆನ್ಸಿಗೆ ಬಂದವರ ಸಾಲಿನಲ್ಲಿ ಸುಮ್ಮನೆ ನಿಂತಿದ್ದಳು. ಸರದಿ ಬಂದಾಗ ಮೇಜಿನ ಮುಂದೆ ಬಂದು, ಕೈಯಲ್ಲಿದ್ದ ಒಡಕು ಫೋನನ್ನು ಅಲ್ಲಿಟ್ಟಳು. ಅದು ಗಂಡನ ಫೋನು, ಪೊಲೀಸರು ಮರಳಿ ಕೊಟ್ಟಿದ್ದರು.

"ಅಕ್ಕಾರ, ಗಾಡಿ ನೋಡ್ದೋರು ನೀವೇ ಅಂತ ಹೇಳಿದ್ರು. ಒಂದ್ ಮಾತ್ ಕೇಳ್ಲೇನ್ರಿ?"

"ಕೇಳವ್ವ."

"ಫೋನ್ ತಗಿಯಾಕ ಹೋಗಿ ಬಿದ್ನೇನ್ರಿ ಅವಾ?"

ಅವತ್ತು ಮನೆಯಲ್ಲಿ ಒಂದು ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಅತ್ತೆಗೆ ಕಣ್ಣು ಮಂಜು, ಮೈದುನ ಹೊಲದಲ್ಲಿದ್ದ. ಅವಳು ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮಾಡುತ್ತಲೇ ಇದ್ದಳು. ಕೊನೆಗೆ ಯಾರೋ ಎತ್ತಿದರು. ಎತ್ತಿದವನು ಪೊಲೀಸಿನವನು.

"ನಮ್ಮ ಅತ್ತಿ ಅಂತಾಳ್ರಿ, ನಿನ್ ಫೋನೇ ನನ್ ಮಗನ್ನ ತಿಂತು ಅಂತ. ಒಂದ್ ಕೈಲೆ ಗಾಡಿ ಹಿಡ್ದು, ಇನ್ನೊಂದ್ ಕೈಲೆ ಕಿಸೆದಾಗ ಹುಡುಕ್ಯಾನ, ಅದಕ್ಕೇ ಗಾಲಿ ಕೆಳಗ ಹೋಗ್ಯಾನ ಅಂತ. ಊರಾಗ ಎಲ್ಲಾರೂ ಹಂಗೇ ಅಂತಾರ. ಖರೆ ಏನ್ರಿ ಅಕ್ಕಾರ? ಖರೆ ಇದ್ರ ಖರೆ ಅನ್ರಿ. ನಾ ಏನೂ ಅಳಂಗಿಲ್ಲ."

ಕುರಿ ಬದುಕಿತ್ತಂತೆ, ಮರಿಯೂ ಬದುಕಿತ್ತಂತೆ. ಅವತ್ತಿನಿಂದ ಇವಳು ಕುರಿದೊಡ್ಡಿಯ ಕಡೆ ಕಾಲಿಟ್ಟಿಲ್ಲ, ಮನೆಯಲ್ಲಿ ಎಲ್ಲರ ಜೊತೆ ಕುಳಿತು ಉಂಡಿಲ್ಲ ಎಂದು ಮೈದುನ ಹೇಳಿದ. ಹುಡುಗಿಯ ಕೈಯ ಎಲುಬು ಎದ್ದು ಕಾಣುತ್ತಿತ್ತು. ಕಣ್ಣಲ್ಲಿ ನಿಜಕ್ಕೂ ನೀರಿರಲಿಲ್ಲ. ಅದನ್ನು ನೋಡಿ ನನಗೇ ಹೆದರಿಕೆಯಾಯಿತು.

ಗೀರು ನೋಡಿ, ನಿನ್ನ ಗಂಡ ನುಗ್ಗಲಿಲ್ಲ ಎನ್ನಬಲ್ಲೆ, ಅಂದೆ ಕೂಡ. ಆದರೆ ಅವನ ಕೈ ಎಲ್ಲಿತ್ತು ಎಂದು ಯಾವ ಗೀರು ಹೇಳುತ್ತದೆ? ಫೋನು, ಔಷಧದ ಬಾಟಲಿ, ಹರಿದ ಚೀಲ ಎಲ್ಲ ರಸ್ತೆಯ ತುಂಬ ಚೆಲ್ಲಿದ್ದವು. ಕಿಸೆಯಿಂದ ಬಿತ್ತೋ ಕೈಯಿಂದ ಬಿತ್ತೋ ಯಾರಿಗೆ ಗೊತ್ತು? ಗೊತ್ತಿಲ್ಲವ್ವ ಎಂದೆ. ಅವಳು ಫೋನು ತೆಗೆದುಕೊಂಡು, "ಹಂಗಾರ ಖರೇನೇ ಇರ್ಬೇಕು" ಎಂದು ಹೊರಟುಹೋದಳು.

ಮುಂದಿನ ಭಾನುವಾರ ದೌಲತಾಬಾದಿಗೆ ಹೋದೆ. ಹೋಗಬಾರದಿತ್ತು. ನಾನು ಆ ಮೊಕದ್ದಮೆಯಲ್ಲಿ ಸರ್ಕಾರದ ಸಾಕ್ಷಿ, ಅವನು ಆರೋಪಿ. ಠಾಣೆಯ ಅಧಿಕಾರಿ ಮೊದಲೇ, "ಮೇಡಂ, ಇದು ನಿಮ್ಮ ಕೆಲಸವಲ್ಲ" ಎಂದಿದ್ದರು. ಅವರ ಮಾತು ಸರಿಯಾಗಿತ್ತು.

ಬಸಣ್ಣ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಮಾಲೀಕ ಎರಡು ಸಲ ಕರೆದಿದ್ದರೂ ಲಾರಿ ಹತ್ತಿರಲಿಲ್ಲ. ಅವನ ಹೆಂಡತಿ ಈರಮ್ಮ ಚಹಾ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಸಿದ್ದಮ್ಮ ಬಂದಿದ್ದನ್ನು, ಅವಳು ಕೇಳಿದ್ದನ್ನು, ಅವಳ ಅತ್ತೆ ಅಂದದ್ದನ್ನು ಹೇಳಿದೆ. ಹೇಳಿ ಮುಗಿಸುವ ಮುಂಚೆಯೇ ಅವನು ಚಹಾದ ಬಟ್ಟಲು ಕೆಳಗಿಟ್ಟ.

"ಇಲ್ರಿ. ಅವಾ ಫೋನ್ ಮುಟ್ಟಿಲ್ರಿ."

"ನಿನಗ ಹ್ಯಾಂಗ ಗೊತ್ತು? ನೀ ನೋಡೇ ಇಲ್ಲ ಅಂದಿಯಲ್ಲ?"

ಬಸಣ್ಣ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದ. ಆಮೇಲೆ ಶುರು ಮಾಡಿದ. ತಿರುವಿಗಿಂತ ಸ್ವಲ್ಪ ಹಿಂದೆ ರೈಲ್ವೆ ಗೇಟ್ ಇದೆ. ಅವತ್ತು ಗೇಟ್ ಬಿದ್ದಿತ್ತು. ಲಾರಿಯ ಪಕ್ಕದಲ್ಲೇ, ಬಸಣ್ಣನ ಬಾಗಿಲ ಕೆಳಗೆ, ಬೀರಪ್ಪ ಬೈಕು ನಿಲ್ಲಿಸಿದ್ದ.

"ಫೋನ್ ಬಾರ್ ಬಾರ್ ಹೊಡೀತಿತ್ರಿ. ನಾನೇ ಅಂದೆ, ಎತ್ತೋ ತಮ್ಮಾ, ಮನಿಯವ್ರು ಇರ್ಬೇಕು ಅಂತ. ಅವಾ ನಕ್ಕ. 'ಕುರಿ ಈಯಾಕ ಬಂದದ ಕಾಕಾ, ನನ್ ಹೆಣ್ತಿಗಿ ಗಾಬ್ರಿ ಭಾಳ. ಎತ್ತಿದ್ರ ಮಾತಾಡಕೋತ ಕುಂದರ್ತಾಳ, ಗೇಟ್ ತೆರದ್ರ ಹೊಂಟೇಬಿಡ್ತೀನಿ' ಅಂದ. ಫೋನ್ ಔಷಧದ ಚೀಲದಾಗ ಹಾಕಿ, ಗಂಟ್ ಬಿಗದು, ಹಿಂದ ಕಟ್ಟಿದ್ನ್ರಿ ಅವಾ. ನನ್ ಕಣ್ಣಾರೆ ನೋಡೀನಿ."

"ಆಮ್ಯಾಲ?"

"ಗೇಟ್ ತೆರಿತು. ನಾ ಮುಂದ, ಅವಾ ಹಿಂದ. ತಿರುವಿನಾಗ ಬಲಕ್ಕ ಎಳದೆ. ಎಡಕ್ಕ ಹೊರಳಸ್ತಿದ್ದೆ, ಹಾರನ್ ಕೇಳ್ತ್ರಿ. ಎಡಬಾಗಿಲ ಹಂತೇಕೇ ಕೇಳ್ತು. ಮತ್ತೊಮ್ಮಿ ಕೇಳ್ತು, ಉದ್ದಕ. ರಸ್ತ್ಯಾಗ ಹಾರನ್ ಹೊಡಿಯೋರಿಗೇನು ಕಮ್ಮಿ ಅಂದ್ಕೊಂಡ್ನಿ. ನನ್ ಲಕ್ಷ ಎಲ್ಲಾ ಕಲ್ಲಿನ ಮ್ಯಾಲಿತ್ತು. ಸಾಲು ವಾಲ್ತದೇನೋ ಅಂತ ಕನ್ನಡಿನೇ ನೋಡ್ಲಾಕ ಹತ್ತಿದ್ದೆ. ಬ್ರೇಕ್ ಮ್ಯಾಲ ಕಾಲ್ ಇಟ್ಟಿದ್ರ ಸಾಕಿತ್ರಿ ಮೇಡಮ್ಮಾರ. ಬರೇ ಕಾಲ್ ಇಟ್ಟಿದ್ರ ಸಾಕಿತ್ತು."

ಅವನು ಹೇಳಿದ್ದು ಅರ್ಥವಾದಾಗ ನನಗೆ ಸಿಟ್ಟು ನೆತ್ತಿಗೇರಿತು. ಈಗ ಯೋಚಿಸಿದರೆ, ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು.

"ಕಲ್ಲು ಒಡೀಬಾರ್ದು ಅಂತ ನೋಡ್ದಿ, ಮನುಷ್ಯಾ ಹ್ವಾದ್ನಲ್ಲೋ! ಹೋಗ್ಲಿ, ಆಗಿದ್ದು ಆತು. ಆ ಹುಡುಗಿ ಏನ್ ಪಾಪ ಮಾಡ್ಯಾಳ? ನಿನ್ ಪಾಪ ಅಕಿ ಹೊತ್ಕೊಂಡು ಕುಂತಾಳ, ಅನ್ನ ಬಿಟ್ಟಾಳ. ನಿನ್ ಬಾಯಾಗಿಂದು ಒಂದ್ ಮಾತು ಬಂದ್ರ ಅಕಿ ಬದುಕ್ತಾಳ."

"ವಕೀಲ್ರು ಬಾಯಿ ಬಿಚ್ಚಬ್ಯಾಡ ಅಂದಾರ್ರಿ."

ಅದರಲ್ಲೇ ಎಲ್ಲ ತೊಡಕು. ಬೀರಪ್ಪ ಫೋನು ಮುಟ್ಟಲಿಲ್ಲ ಎಂದು ಹೇಳಬೇಕಾದರೆ, ಬೀರಪ್ಪ ತನ್ನ ಪಕ್ಕದಲ್ಲೇ ಇದ್ದ, ತನ್ನ ಹಿಂದೆಯೇ ಬಂದ ಎಂಬುದು ಬಸಣ್ಣನಿಗೆ ಗೊತ್ತಿತ್ತು ಎಂದೂ ಹೇಳಬೇಕು. 'ಎಲ್ಲಿಂದ ಬಂದನೋ ಕಾಣಲಿಲ್ಲ' ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಅವನನ್ನು ಉಳಿಸುತ್ತಿದ್ದದ್ದು ಅದೊಂದೇ ಮಾತು.

"ಹೇಳಿದ್ರ ನನ್ ಕೇಸು ಏನಾಗ್ತದ್ರಿ?" ಎಂದು ಕೇಳಿದ.

"ಕೆಡ್ತದ," ಎಂದೆ. "ಸುಳ್ಳು ಹೇಳಾಂಗಿಲ್ಲ ನಾ. ಕೆಡ್ತದ."

ಬಾಗಿಲಲ್ಲಿದ್ದ ಈರಮ್ಮ ಒಳಗೆ ಹೋದಳು. ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದ ಸದ್ದು ಕೇಳಿಸಿತು. ನಾನು ಎದ್ದು ಬಂದೆ. ಬರುವಾಗ, ಯೋಚನೆ ಮಾಡು ಎಂದು ಹೇಳಿ ಬಂದೆ. ಅದು ಯೋಚನೆ ಮಾಡು ಎಂದಂತಿರಲಿಲ್ಲ, ಆಜ್ಞೆಯಂತೆಯೇ ಇತ್ತು. ನಾನು ತಾಂಡೂರಿನಲ್ಲಿದ್ದಷ್ಟು ವರ್ಷ ಅವನ ಲೈಸೆನ್ಸು, ಅವನ ಗಾಡಿಯ ಪತ್ರ ಎಲ್ಲ ನನ್ನ ಸಹಿಯಿಂದಲೇ ನಡೆದಿದ್ದವು. ನನ್ನ ಮಾತನ್ನು ಅವನು ಹೇಗೆ ತಳ್ಳಿಹಾಕಿಯಾನು? ಅದು ನನಗೆ ಅವತ್ತು ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ಬಸಣ್ಣ ಜಹೀರಾಬಾದಿಗೆ ಬಂದ. "ನಡೀರಿ ಮೇಡಮ್ಮಾರ, ಸಿರ್ಗಾಪುರಕ್ಕ" ಎಂದ. ಅಷ್ಟೇ. ನಾರಾಯಣಖೇಡದ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕುಳಿತ. ಬಸ್ಸು ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದ.

ಬೀರಪ್ಪನ ಮನೆಯ ಮುಂದೆ ಸಗಣಿ ಸಾರಿಸಿದ ಅಂಗಳ, ಅದರಾಚೆ ಮುಳ್ಳುಬೇಲಿಯ ಕುರಿದೊಡ್ಡಿ. ಅತ್ತೆ ಕಂಬಳಿಯ ಮೇಲೆ ಕುಳಿತಿದ್ದಳು. ಸಿದ್ದಮ್ಮ ಹೊಸಿಲಲ್ಲಿ ನಿಂತಳು. ಇವನು ಯಾರು ಎಂದು ನಾನು ಹೇಳುವ ಮೊದಲೇ ಬಸಣ್ಣ ನೆಲದ ಮೇಲೆ ಕುಳಿತು, ತಲೆಯ ಮೇಲಿನ ಟವೆಲ್ ತೆಗೆದು, "ನಿನ್ ಗಂಡನ್ನ ಕೊಂದ ಲಾರಿ ನಂದೇ ತಾಯಿ" ಎಂದ.

ಮೈದುನ ಕೋಲಿಗೆ ಕೈ ಹಾಕಿದ. ನಾನು ಅಡ್ಡ ನಿಂತೆ. ಸಿದ್ದಮ್ಮ, "ಹೇಳ್ಲಿ ಬಿಡ್ರಿ" ಎಂದಳು. ಬಸಣ್ಣ ಗೇಟಿನದನ್ನು ಹೇಳಿದ. ಫೋನು ಬಡಿದುಕೊಂಡದ್ದು, ಚೀಲದಲ್ಲಿ ಹಾಕಿ ಗಂಟು ಬಿಗಿದದ್ದು, ಒಂದನ್ನೂ ಬಿಡದೆ ಹೇಳಿದ.

"ನಕ್ಕಿದ್ನಾ?" ಎಂದು ಕೇಳಿದಳು ಸಿದ್ದಮ್ಮ.

"ಹೂಂ ತಾಯಿ, ನಕ್ಕಿದ್ದ. ಹೆಣ್ತಿಗಿ ಗಾಬ್ರಿ ಭಾಳ ಅಂದ."

"ಎರಡೂ ಕೈ ಹ್ಯಾಂಡಲ್ ಮ್ಯಾಲೇ ಇದ್ವಾ?"

"ಚೀಲ ಕಟ್ಟಿದ ಮ್ಯಾಲ ಎರಡೂ ಕೈಲೇ ಹಿಡದು ಹೊಂಟಾನವ್ವ. ಹಾರನ್ನೂ ಹೊಡದಾನ."

ಈ ಕೊನೆಯ ಮಾತು ಹೇಳಲೇಬೇಕೆಂದು ಯಾರೂ ಕೇಳಿರಲಿಲ್ಲ. ಅವನೇ ಹೇಳಿದ.

"ಹಾರನ್ ಹೊಡದ್ನಾ? ನಿಮಗ ಕೇಳ್ತಾ?"

"ಕೇಳ್ತು."

"ಕೇಳಿನೂ ನಿಲ್ಸಲಿಲ್ಲಾ?"

"ನಿಲ್ಸಲಿಲ್ಲವ್ವ."

ಸಿದ್ದಮ್ಮ ಅಂಗಳಕ್ಕಿಳಿದು ಬಂದಳು. ಬಗ್ಗಿ ಹಿಡಿ ಮಣ್ಣು ತೆಗೆದು ಅವನ ಮುಖದ ಮೇಲೆ ತೂರಿದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಬಸಣ್ಣ ಒರೆಸಿಕೊಳ್ಳಲಿಲ್ಲ. ಅವಳು ಇನ್ನೊಂದು ಹಿಡಿ ತೂರಿದಳು, ಮೂರನೆಯದಕ್ಕೆ ಕೈ ಏಳದೆ ಅಲ್ಲೇ ಕುಸಿದು ಕುಳಿತು, ಬಾಯಿ ತೆರೆದು ಅತ್ತಳು. ಗಂಡ ಸತ್ತ ದಿನವೂ ಅಳದವಳು ಎಂದು ಆಮೇಲೆ ಹೇಳಿದರು. ಅತ್ತೆ ಕಂಬಳಿಯ ಮೇಲಿಂದ ತಡಕಾಡುತ್ತ ಬಂದು ಸೊಸೆಯನ್ನು ತಬ್ಬಿಕೊಂಡಳು. "ನಾ ಅಂದಿದ್ದು ತಪ್ಪಾತು ನನ್ನವ್ವ, ನನ್ ನಾಲಿಗಿಗಿ ಹುಳ ಬೀಳ್ಲಿ, ತಪ್ಪಾತು" ಎನ್ನುತ್ತಿದ್ದಳು. ನಾವಿಬ್ಬರೂ ಎದ್ದು ಬಂದೆವು. ಕುಡಿಯಲು ನೀರು ಕೊಟ್ಟವರಿಲ್ಲ, ನಾವು ಕೇಳಲೂ ಇಲ್ಲ.

ಸಿದ್ದಮ್ಮ ಮತ್ತೆ ಎಲ್ಲರ ಜೊತೆ ಕುಳಿತು ರೊಟ್ಟಿ ತಿನ್ನತೊಡಗಿದಳು, ದೊಡ್ಡಿಗೂ ಹೋಗತೊಡಗಿದಳು ಎಂದು ಕೆಲವು ದಿನಗಳ ನಂತರ ಮೈದುನ ಫೋನ್ ಮಾಡಿ ಹೇಳಿದ. ಅದೇ ಫೋನಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ. ಅವತ್ತು ಬಸಣ್ಣ ಹೇಳಿದ್ದನ್ನೆಲ್ಲ ತಾನೇ ಪೊಲೀಸರಿಗೆ ತಿಳಿಸಿದ್ದಾನಂತೆ. ತಿಳಿಸದೆ ಇನ್ನೇನು ಮಾಡಿಯಾನು? ಅಣ್ಣನನ್ನು ಕಳೆದುಕೊಂಡವನು.

ನ್ಯಾಯಾಲಯದಲ್ಲಿ ಬಸಣ್ಣನ ವಕೀಲರು, ಅವನು ಅಂಥದ್ದೇನೂ ಹೇಳೇ ಇಲ್ಲ ಎಂದು ವಾದಿಸಲು ತಯಾರಾಗಿದ್ದರು. ನನ್ನನ್ನು ಕಟಕಟೆಗೆ ಕರೆಯುವ ಮೊದಲೇ ಬಸಣ್ಣ ಕೈ ಮುಗಿದು, ತಪ್ಪು ನನ್ನದೇ, ಹಾರನ್ ಕೇಳಿಸಿತ್ತು ಎಂದುಬಿಟ್ಟ. ನ್ಯಾಯಾಧೀಶರು ಅವನ ವಯಸ್ಸು ನೋಡಿದರು, ತಾನಾಗಿ ಒಪ್ಪಿಕೊಂಡದ್ದನ್ನೂ ನೋಡಿದರು. ಆದರೂ ಸೆರೆವಾಸ ತಪ್ಪಲಿಲ್ಲ. ಲೈಸೆನ್ಸ್ ರದ್ದಾಯಿತು. ರದ್ದು ಮಾಡಿದ ಕಾಗದ ನನ್ನ ಮೇಜಿನ ಮೇಲೆಯೇ ಹಾದುಹೋಯಿತು.

ಈರಮ್ಮ ನನ್ನ ಕಚೇರಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ನಿಮ್ಗ ಎಲ್ಲಾ ಛಲೋ ಆತಲ್ರಿ ಮೇಡಮ್ಮಾರ? ಆ ಮನ್ಯಾಗ ಹೆಣ್ಮಗಳು ಉಣ್ಲಾಕ ಹತ್ಯಾಳ. ನನ್ ಮನ್ಯಾಗ ನಾ ಯಾರಿಗಿ ರೊಟ್ಟಿ ಬಡೀಲಿ, ಹೇಳ್ರಿ? ನಮ್ಮವರು ಸುಮ್ಕಿದ್ರು. ಸುಮ್ಕಿದ್ದೋರ್ನ ನೀವೇ ಬಂದು ಕೆದಕಿದ್ರಿ. ತಪ್ಪು ಮಾಡ್ಯಾರ, ಇಲ್ಲ ಅನ್ನಂಗಿಲ್ಲ ನಾ. ಆದ್ರ ಅವರ ಬಾಯಿ ತೆರಸಾಕ ನೀವು ಯಾರ್ರಿ?"

ಬಾಯಿಜೋರಿನ ಮೇಡಂ ಬಾಯಿ ತೆರೆಯಲಿಲ್ಲ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಸಿದ್ದಮ್ಮನ ಮೈಮೇಲಿನ ಭಾರ ಇಳಿಸಿದೆನೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಆ ಭಾರವನ್ನು ಇನ್ನೊಂದು ಹೆಣ್ಣಿನ ತಲೆಯ ಮೇಲಿಟ್ಟು ಬಂದಿದ್ದೆ. ಕಲ್ಲು ತುಂಬಿಸಿದ ವ್ಯಾಪಾರಿ, ಅಂಚು ಒಡೆದರೆ ಬೈಯುವ ಮಾಲೀಕ, ಕನ್ನಡಿಯ ದಿಕ್ಕು ನೋಡದೆ ಸಹಿ ಹಾಕಿದ ನನ್ನಂಥವರು, ನಾವೆಲ್ಲ ಹೊರಗೇ ಇದ್ದೆವು. ಒಳಗೆ ಹೋದವನು ನಿಜ ಹೇಳಿದವನೊಬ್ಬನೇ. ಆ ರಾತ್ರಿ ನಾನೂ ಉಣ್ಣಲಿಲ್ಲ. ಉಣ್ಣದಿದ್ದರೆ ಯಾರಿಗೇನು ಬಂತು?

ಮಾಡಬಹುದಾದದ್ದನ್ನು ಮಾಡಿದೆ. ಅಂದಿನಿಂದ ಫಿಟ್‌ನೆಸ್‌ಗೆ ಬರುವ ಪ್ರತಿ ಲಾರಿಯ ಸೀಟಿನಲ್ಲಿ ನಾನೇ ಹತ್ತಿ ಕುಳಿತು ಎಡಗನ್ನಡಿ ನೋಡುತ್ತೇನೆ. ರಸ್ತೆ ಕಾಣದಿದ್ದರೆ ಗಾಡಿ ವಾಪಸ್. ಕಲ್ಲು ನೋಡಲೇಬೇಕೆಂದರೆ ಇನ್ನೊಂದು ಕನ್ನಡಿ ಹಾಕಿಸಿಕೊಳ್ಳಿ ಎನ್ನುತ್ತೇನೆ. ತಾಂಡೂರಿನ ಕಲ್ಲಿನ ಕಾರ್ಖಾನೆಗಳ ಅಂಗಳಕ್ಕೆ ಹೋಗಿ ಚಾಲಕರಿಗೆ ಒಂದು ಮಾತು ಹೇಳಿ ಬಂದೆ. ಎಡಕ್ಕೆ ತಿರುಗುವಾಗ ಹಾರನ್ ಕೇಳಿಸಿದರೆ, ಯಾರದೆಂದು ಯೋಚಿಸಬೇಡಿ, ಮೊದಲು ಬ್ರೇಕ್ ಒತ್ತಿ. ಕಲ್ಲು ಒಡೆದರೆ ಒಡೆಯಲಿ.

ಲೈಸೆನ್ಸಿಗೆ ಬರುವ ಹುಡುಗರನ್ನು, ಹುಡುಗಿಯರನ್ನು ಬೈಕು ಓಡಿಸಿ ತೋರಿಸಿದ ಮೇಲೆ ಕೆಳಗಿಳಿಸಿ ಲಾರಿಯ ಪಕ್ಕ ನಿಲ್ಲಿಸುತ್ತೇನೆ. ಕನ್ನಡಿಯಲ್ಲಿ ಚಾಲಕನ ಮುಖ ಕಾಣುತ್ತದೇನು ಎಂದು ಕೇಳುತ್ತೇನೆ. ಕಾಣದು ಎನ್ನುತ್ತಾರೆ. ಹಾಗಾದರೆ ಅವನಿಗೂ ನೀನು ಕಾಣುವುದಿಲ್ಲ, ಅಲ್ಲಿ ನಿಲ್ಲಬೇಡ, ಹಿಂದೆ ಸರಿ ಎನ್ನುತ್ತೇನೆ. ತಿರುವಿನ ಹತ್ತಿರ ದೊಡ್ಡ ಗಾಡಿ ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟಿತೆಂದರೆ, ಅದು ನಿನಗೆ ಬಿಟ್ಟ ಜಾಗವಲ್ಲ, ಅದಕ್ಕೆ ತಿರುಗಲು ಬೇಕಾದ ಜಾಗ. ಗಾಡಿ ಪೂರ್ತಿ ತಿರುಗಿ ಹೋಗಲಿ, ಆಮೇಲೆ ನೀನು ಹೋಗು. ಬೀರಪ್ಪ ಮೆಲ್ಲಗೆ ಓಡಿಸುತ್ತಿದ್ದ, ಹೆಲ್ಮೆಟ್ ಹಾಕಿದ್ದ, ಫೋನ್ ಕಟ್ಟಿಟ್ಟಿದ್ದ, ಹಾರನ್ನೂ ಹೊಡೆದಿದ್ದ. ಅವನಿಗೆ ಇದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬಸಣ್ಣ ಬಿಡುಗಡೆಯಾಗಿ ಬಂದ ಮೇಲೆ ನಾನು ಅವನ ಮನೆಗೆ ಹೋಗಲಿಲ್ಲ, ಧೈರ್ಯ ಬರಲಿಲ್ಲ. ಒಮ್ಮೆ ತಾಂಡೂರಿನ ಕಲ್ಲಿನ ಅಂಗಳದಲ್ಲಿ ಎದುರಾದ. ಲಾರಿಗೆ ತುಂಬುವ ಕಲ್ಲುಗಳ ನಡುವೆ ಹುಲ್ಲು ತುರುಕುತ್ತಿದ್ದ. ಚಾಲಕನಾಗಿ ಮೆರೆದವನು ಹಮಾಲಿಗಳ ಜೊತೆ ನಿಂತಿದ್ದ. ನನ್ನನ್ನು ಕಂಡು ಕೈ ಮುಗಿದ. ಬಹಳ ದಿನದಿಂದ ಒಳಗಿದ್ದ ಮಾತು ನನ್ನ ಬಾಯಿಂದ ಬಂತು.

"ಬಸಣ್ಣ, ನಾ ಅವತ್ತು ನಿನ್ ಮನಿಗಿ ಬರಬಾರ್ದಿತ್ತೇನೋ?"

ಅವನು ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟ. ನನ್ನ ಮನಸ್ಸು ನೋಯಿಸಬಾರದೆಂದು ಏನಾದರೂ ಹೇಳುತ್ತಾನೆ ಎಂದುಕೊಂಡಿದ್ದೆ.

"ಒಂದಿನ ಹಂಗೇ ಅನಸ್ತದ್ರಿ," ಎಂದ. "ನಾ ಜೇಲಿನಾಗಿದ್ದಾಗ ಈಕಿ, ನನ್ ಹೆಣ್ತಿ, ಒಬ್ಬಾಕಿನೇ ಕಟ್ಟಿ ಮ್ಯಾಲ ಕುಂತಿದ್ಲಲ್ಲ, ಅದು ನೆನಪಾದ್ರ, ಬರಬಾರ್ದಿತ್ತು ಅನಸ್ತದ. ಇನ್ನೊಂದಿನ ಆ ಹುಡುಗಿ ಮಣ್ಣು ತೂರಿದ್ದು ನೆನಪಾಗ್ತದ. ತೂರಿ ಅತ್ಲಲ್ರಿ. ಆ ದಿನ ಮಾತ್ರ ನಂಗ ನಿದ್ದಿ ಬರ್ತದ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿಜ ಹೇಳಿಸುವವರು, ಅದನ್ನು ಹೇಳಿದವನು ತೆರುವ ಬೆಲೆಯಲ್ಲಿ ತಮ್ಮ ಪಾಲನ್ನೂ ಹೊರಬೇಕು. ನಾನು ಹೊರಲಿಲ್ಲ. ಆ ಕಲ್ಲಿನ ಅಂಗಳದಲ್ಲೇ ಬಸಣ್ಣನ ಮುಂದೆ ನಿಂತು ಇದನ್ನು ಬಾಯಿಬಿಟ್ಟು ಹೇಳಿದೆ. ಅವನು, "ಹೋಗ್ಲಿ ಬಿಡ್ರಿ" ಎನ್ನಲಿಲ್ಲ. ತಲೆಯಾಡಿಸಿ ಮತ್ತೆ ಕೆಲಸಕ್ಕೆ ಬಗ್ಗಿದ.